ಆಕಾಶದಲ್ಲಿ ಸುಮ್ಮನೆ ನಿಂತರೆ ಅಮೆರಿಕ ಕೆಳಗೆ ಬರುತ್ತದೆಯೇ? ದೇವನಹಳ್ಳಿ–ಸ್ಯಾನ್ ಫ್ರಾನ್ಸಿಸ್ಕೊ ವಿಮಾನದ ದೂರ ಮತ್ತು ಸಮಯದ ನಿಜವಾದ ಲೆಕ್ಕ

ನಮ್ಮ ತಂಡದಲ್ಲಿ ಒಬ್ಬರ ದೊಡ್ಡಮ್ಮ ಇರುವುದು ದೇವನಹಳ್ಳಿ ತಾಲ್ಲೂಕಿನ ವಿಜಯಪುರದ ಹತ್ತಿರ. ಮಗಳ ಬಾಣಂತನಕ್ಕೆಂದು ಕ್ಯಾಲಿಫೋರ್ನಿಯಾಕ್ಕೆ ಹೊರಟಿದ್ದರು. ಟಿಕೆಟ್ ಬಂತು. ಸೋಮವಾರ ಮಧ್ಯಾಹ್ನ 2 ಗಂಟೆಗೆ ಬೆಂಗಳೂರು ಬಿಡುವುದು, ಸೋಮವಾರ ಸಂಜೆ 4:30ಕ್ಕೆ ಸ್ಯಾನ್ ಫ್ರಾನ್ಸಿಸ್ಕೊ ತಲುಪುವುದು. ಅಷ್ಟರಲ್ಲಿ ಮನೆಯವರ ವಾಟ್ಸ್‌ಆ್ಯಪ್ ಗುಂಪಿಗೆ ಒಂದು ಫಾರ್ವರ್ಡ್ ಕೂಡ ಬಂದಿತ್ತು: "ಭೂಮಿ ಗಂಟೆಗೆ 1,600 ಕಿ.ಮೀ. ವೇಗದಲ್ಲಿ ತಿರುಗುತ್ತದೆ. ವಿಮಾನ ಮೇಲೆ ಹೋಗಿ ನಿಂತರೆ ಸಾಕು, ಅಮೆರಿಕವೇ ಕೆಳಗೆ ಬರುತ್ತದೆ. ಈ ಗುಟ್ಟನ್ನು ನಿಮಗೆ ಯಾರೂ ಹೇಳುವುದಿಲ್ಲ. ಎಲ್ಲರಿಗೂ ಕಳಿಸಿ."

ಎರಡನ್ನೂ ಸೇರಿಸಿ ದೊಡ್ಡಮ್ಮ ಒಂದು ತೀರ್ಮಾನಕ್ಕೆ ಬಂದರು. "ಎರಡೂವರೆ ಗಂಟೇಲಿ ಹೋಗ್ಬಿಡತ್ತಂತಲ್ಲಪ್ಪ! ಹಂಗಾದ್ರೆ ರಾತ್ರಿ ಮಾತ್ರೆ ಮಗಳ ಮನೇಲೇ ತಗೊಂಡ್ರಾಯ್ತು" ಎಂದು ಬಿ.ಪಿ. ಮತ್ತು ಸಕ್ಕರೆ ಕಾಯಿಲೆಯ ಮಾತ್ರೆಗಳನ್ನೆಲ್ಲ ದೊಡ್ಡ ಸೂಟ್‌ಕೇಸಿನ ತಳಕ್ಕೆ ಹಾಕಿಬಿಟ್ಟಿದ್ದರು. ಆ ಸೂಟ್‌ಕೇಸ್ ಹೋಗುವುದು ವಿಮಾನದ ಹೊಟ್ಟೆಗೆ. ಅವರು ಕೂರುವುದು ಸುಮಾರು 16 ಗಂಟೆ. ಹೊರಡುವ ಹಿಂದಿನ ದಿನ ಮಾತಿಗೆ ಮಾತು ಬಂದು ವಿಷಯ ಗೊತ್ತಾಗದೇ ಇದ್ದಿದ್ದರೆ ರಾತ್ರಿಯ ಮಾತ್ರೆಯೂ ಮರುದಿನ ಬೆಳಗಿನ ಮಾತ್ರೆಯೂ ತಪ್ಪುತ್ತಿದ್ದವು.

ನೋಡಿದರೆ ನಗು ಬರಿಸುವ ಫಾರ್ವರ್ಡ್. ಆದರೆ ಅದನ್ನು ನಂಬಿ ಯಾರೋ ಚೀಲ ಕಟ್ಟುತ್ತಾರೆ ಎಂದಾದಾಗ ನಗು ನಿಲ್ಲುತ್ತದೆ. ಹಾಗಾಗಿ ಈ ಬಾರಿ ದೇವನಹಳ್ಳಿಯ ಕೆಂಪೇಗೌಡ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣದಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ದೂರ ಎಷ್ಟು, ಸಮಯ ಎಷ್ಟು, ಆ ಲೆಕ್ಕ ಎಲ್ಲಿಂದ ಬರುತ್ತದೆ ಎಂಬುದನ್ನು ಒಂದೊಂದಾಗಿ ನೋಡೋಣ.

ಮೊದಲು ದೂರ: ಸುಮಾರು 14,000 ಕಿ.ಮೀ.

ದೇವನಹಳ್ಳಿಯ ವಿಮಾನ ನಿಲ್ದಾಣ ಆರಂಭವಾದದ್ದು 2008ರ ಮೇ 24ರಂದು. ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೊ ನಿಲ್ದಾಣಕ್ಕೆ ಭೂಮಿಯ ಮೇಲ್ಮೈ ಗುಂಟ ಅತಿ ಹತ್ತಿರದ ದಾರಿ ಹಿಡಿದರೆ ಸುಮಾರು 14,000 ಕಿ.ಮೀ. ಭೂಮಿಯ ಸುತ್ತಳತೆಯೇ ಸುಮಾರು 40,000 ಕಿ.ಮೀ. ಅಂದರೆ ಈ ಒಂದು ಪ್ರಯಾಣದಲ್ಲಿ ಭೂಮಿಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಸುತ್ತಿದಂತೆ.

ಈ ಎರಡು ಊರುಗಳ ನಡುವೆ ಎಲ್ಲೂ ಇಳಿಯದೆ ಹಾರುವ ಸೇವೆಯನ್ನು ಏರ್ ಇಂಡಿಯಾ 2021ರ ಜನವರಿಯಲ್ಲಿ ಶುರು ಮಾಡಿತು. ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೊ ಬಿಟ್ಟ ಮೊದಲ ವಿಮಾನ ಉತ್ತರ ಧ್ರುವದ ಮೇಲೆ ಹಾರಿ ಜನವರಿ 11ರ ಬೆಳಗಿನ ಜಾವ ದೇವನಹಳ್ಳಿಯಲ್ಲಿ ಇಳಿಯಿತು. ಕಾಕ್‌ಪಿಟ್‌ನಲ್ಲಿದ್ದ ನಾಲ್ವರೂ ಮಹಿಳೆಯರು: ಕ್ಯಾಪ್ಟನ್ ಜೋಯಾ ಅಗರ್ವಾಲ್, ಪಾಪಗರಿ ತನ್ಮಯಿ, ಆಕಾಂಕ್ಷಾ ಸೋನಾವರೆ ಮತ್ತು ಶಿವಾನಿ ಮನ್ಹಾಸ್. ಆಗಲೂ ಬಹಳ ಜನ ಕೇಳಿದ ಪ್ರಶ್ನೆ ಒಂದೇ: ಅಮೆರಿಕ ಇರುವುದು ಪಶ್ಚಿಮಕ್ಕೆ, ಇವರು ಉತ್ತರ ಧ್ರುವಕ್ಕೆ ಯಾಕೆ ಹೋದರು?

ಉತ್ತರ ಬೇಕಿದ್ದರೆ ಒಂದು ಹಣ್ಣು ತನ್ನಿ.

ಚಕ್ಕೋತ ಮತ್ತು ದಾರ

ದೇವನಹಳ್ಳಿ ಚಕ್ಕೋತಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ, ಗೊತ್ತಲ್ಲ? ದಪ್ಪಗೆ, ದುಂಡಗೆ ಇರುವ ಈ ಹಣ್ಣು ಭೂಮಿಯ ಮಾದರಿಯಾಗಿ ಚೆನ್ನಾಗಿ ಒದಗುತ್ತದೆ. ಅದು ಸಿಗದಿದ್ದರೆ ಮಕ್ಕಳ ಚೆಂಡಾದರೂ ಸರಿ.

ತೊಟ್ಟಿನ ಜಾಗವನ್ನು ಉತ್ತರ ಧ್ರುವ ಎಂದುಕೊಳ್ಳಿ. ಹಣ್ಣಿನ ನಡುವೆ ಸುತ್ತಲೂ ಒಂದು ಗೆರೆ ಎಳೆಯಿರಿ, ಅದು ಸಮಭಾಜಕ ವೃತ್ತ. ಆ ಗೆರೆಯಿಂದ ಸ್ವಲ್ಪ ಮೇಲೆ ಒಂದು ಚುಕ್ಕಿ ಇಡಿ, ಅದು ದೇವನಹಳ್ಳಿ. ಈಗ ಹಣ್ಣನ್ನು ತಿರುಗಿಸಿ. ಹೆಚ್ಚುಕಡಿಮೆ ಅದರ ಬೆನ್ನ ಹಿಂದೆ, ಇನ್ನೂ ಸ್ವಲ್ಪ ಮೇಲೆ ಇನ್ನೊಂದು ಚುಕ್ಕಿ ಇಡಿ. ಅದು ಸ್ಯಾನ್ ಫ್ರಾನ್ಸಿಸ್ಕೊ. ದೇವನಹಳ್ಳಿ ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ, ಸ್ಯಾನ್ ಫ್ರಾನ್ಸಿಸ್ಕೊ ಸುಮಾರು 37.6 ಡಿಗ್ರಿಯಲ್ಲಿ. ರೇಖಾಂಶದ ಲೆಕ್ಕದಲ್ಲಿ ಎರಡರ ನಡುವೆ ಸುಮಾರು 160 ಡಿಗ್ರಿ ಅಂತರ. 180 ಆಗಿದ್ದರೆ ಎರಡೂ ಊರುಗಳು ಸರಿಯಾಗಿ ಎದುರುಬದುರು ರೇಖಾಂಶಗಳಲ್ಲಿ ಇರುತ್ತಿದ್ದವು.

ಎರಡು ಚುಕ್ಕಿಗಳ ನಡುವೆ ದಾರ ಇಟ್ಟು ಬಿಗಿಯಾಗಿ ಎಳೆಯಿರಿ. ದಾರ ಹಣ್ಣಿನ ಸೊಂಟದ ಮೇಲೆ ನಿಲ್ಲುವುದಿಲ್ಲ. ಜಾರಿ ಜಾರಿ ತೊಟ್ಟಿನ ಕಡೆಗೆ ಏರುತ್ತದೆ. ದಾರ ಎಲ್ಲಿ ಅತಿ ಬಿಗಿಯಾಗಿ ನಿಲ್ಲುತ್ತದೋ ಅದೇ ಅತಿ ಹತ್ತಿರದ ದಾರಿ. ಇದನ್ನು ಮಹಾವೃತ್ತದ ದಾರಿ ಎನ್ನುತ್ತಾರೆ.

ನಿಜವಾದ ಭೂಮಿಯ ಮೇಲೆ ಈ ದಾರವನ್ನು ಎಳೆದರೆ ಅದು ದೇವನಹಳ್ಳಿಯಿಂದ ಪಶ್ಚಿಮಕ್ಕೆ ಹೋಗುವುದೇ ಇಲ್ಲ. ಉತ್ತರಕ್ಕೆ, ಸ್ವಲ್ಪವೇ ಪೂರ್ವಕ್ಕೆ ವಾಲಿ ಹೊರಡುತ್ತದೆ. ನೇಪಾಳ, ಟಿಬೆಟ್, ಮಂಗೋಲಿಯಾದ ಪಶ್ಚಿಮ ಭಾಗ, ಸೈಬೀರಿಯಾ ದಾಟಿ ಸುಮಾರು 71 ಡಿಗ್ರಿ ಉತ್ತರದವರೆಗೆ ಏರಿ ಪೂರ್ವ ಸೈಬೀರಿಯಾ ಸಮುದ್ರ ಮುಟ್ಟುತ್ತದೆ. ಅಲ್ಲಿಂದ ಇಳಿಮುಖವಾಗಿ ಅಲಾಸ್ಕಾ, ಪೆಸಿಫಿಕ್ ಸಾಗರದ ಅಂಚು, ಕೊನೆಗೆ ಕ್ಯಾಲಿಫೋರ್ನಿಯಾ. 2021ರ ಆ ವಿಮಾನ ಅಂದಿನ ಗಾಳಿಯನ್ನು ನೋಡಿಕೊಂಡು ಇದಕ್ಕಿಂತಲೂ ಮೇಲೆ, ಧ್ರುವದ ಮೇಲಿಂದಲೇ ಬಂದಿತು. ಗಾಳಿಯ ವಿಷಯಕ್ಕೆ ಮುಂದೆ ಬರುತ್ತೇವೆ.

ಹಾಗಾದರೆ ನಕಾಶೆ ಸುಳ್ಳು ಹೇಳುತ್ತದೆಯೇ?

"ವಿಮಾನಗಳು ಸೊಟ್ಟ ದಾರಿಯಲ್ಲಿ ಹೋಗುತ್ತವೆ, ಏನನ್ನೋ ಮುಚ್ಚಿಡುತ್ತಿದ್ದಾರೆ" ಎಂಬ ಫಾರ್ವರ್ಡ್‌ಗಳ ಜೊತೆ ಬರುವ ಚಿತ್ರದಲ್ಲಿ ಯಾವಾಗಲೂ ಒಂದು ಚಪ್ಪಟೆ ನಕಾಶೆ ಇರುತ್ತದೆ. ಅದರಲ್ಲಿ ವಿಮಾನದ ದಾರಿ ಕಮಾನಿನಂತೆ ಬಾಗಿರುತ್ತದೆ.

ಚಕ್ಕೋತದ ಸಿಪ್ಪೆ ಸುಲಿದು ಮೇಜಿನ ಮೇಲೆ ಚಪ್ಪಟೆಯಾಗಿ ಹಾಸಲು ನೋಡಿ. ಎಲ್ಲೋ ಒಂದು ಕಡೆ ಹರಿಯಬೇಕು, ಇಲ್ಲವೇ ಎಳೆಯಬೇಕು. ದುಂಡಗಿನ ಭೂಮಿಯನ್ನು ಚಪ್ಪಟೆ ಕಾಗದಕ್ಕೆ ಇಳಿಸುವಾಗಲೂ ಇದೇ ಕಷ್ಟ. ಶಾಲೆಯ ಗೋಡೆಯ ಮೇಲೆ ನಾವು ಕಂಡ ಅನೇಕ ನಕಾಶೆಗಳು 1569ರಲ್ಲಿ ಗೆರಾರ್ಡಸ್ ಮರ್ಕೇಟರ್ ರೂಪಿಸಿದ ವಿಧಾನದವು. ಹಡಗಿನವರಿಗೆ ದಿಕ್ಸೂಚಿ ಹಿಡಿದು ಸಾಗಲು ಅನುಕೂಲವಾಗಲಿ ಎಂದು ಮಾಡಿದ್ದು. ಅದರಲ್ಲಿ ದಿಕ್ಕು ಸರಿಯಾಗಿರುತ್ತದೆ, ಆದರೆ ಧ್ರುವದ ಹತ್ತಿರ ಹೋದಂತೆ ಎಲ್ಲವೂ ಹಿಗ್ಗುತ್ತದೆ. ಹಾಗಾಗಿ ಧ್ರುವದ ಕಡೆಯ ಹತ್ತಿರದ ದಾರಿ ನಕಾಶೆಯಲ್ಲಿ ಬಹಳ ದೂರದ ದಾರಿಯಂತೆ ಕಾಣುತ್ತದೆ.

ಲೆಕ್ಕ ಹಾಕಿದರೆ ಇನ್ನೂ ಸ್ಪಷ್ಟ. ಮರ್ಕೇಟರ್ ನಕಾಶೆಯ ಮೇಲೆ ಸ್ಕೇಲ್ ಇಟ್ಟು ದೇವನಹಳ್ಳಿಯಿಂದ ಪೆಸಿಫಿಕ್ ಕಡೆಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ 'ನೇರ' ಗೆರೆ ಎಳೆದು ಅದರ ಮೇಲೆಯೇ ಹಾರಿದರೆ ದೂರ ಸುಮಾರು 16,100 ಕಿ.ಮೀ. ಆಗುತ್ತದೆ. ಬಾಗಿದಂತೆ ಕಾಣುವ ದಾರಿ ಸುಮಾರು 14,000 ಕಿ.ಮೀ. ವ್ಯತ್ಯಾಸ 2,100 ಕಿ.ಮೀ. ಬೆಂಗಳೂರಿನಿಂದ ದೆಹಲಿಗೆ ಇರುವ ವಾಯು ದೂರಕ್ಕಿಂತಲೂ ಹೆಚ್ಚು. ಸಮಯದಲ್ಲಿ ಹೇಳುವುದಾದರೆ ಎರಡು ಗಂಟೆಗೂ ಮೇಲೆ. ನಕಾಶೆಯಲ್ಲಿ ಸೊಟ್ಟ ಕಂಡದ್ದೇ ಭೂಮಿಯ ಮೇಲೆ ನೇರ.

ಮೇಲೆ ಹೋಗಿ ನಿಂತರೆ ಏನಾಗುತ್ತದೆ?

ಈಗ ಫಾರ್ವರ್ಡ್‌ನ ಮುಖ್ಯ ಮಾತಿಗೆ ಬರೋಣ. ಅದರಲ್ಲಿ ಒಂದು ಅಂಶ ನಿಜ. ಸಮಭಾಜಕದ ಬಳಿ ನೆಲ ಗಂಟೆಗೆ ಸುಮಾರು 1,670 ಕಿ.ಮೀ. ವೇಗದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ತಿರುಗುತ್ತದೆ. ದೇವನಹಳ್ಳಿಯಲ್ಲಿ ಈ ವೇಗ ಸುಮಾರು 1,625 ಕಿ.ಮೀ. ಇಷ್ಟು ನಿಜ. ಆಮೇಲಿನದು ತಪ್ಪು.

ದೊಡ್ಡಬಳ್ಳಾಪುರದಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಬರುತ್ತಿದ್ದೀರಿ, ಬಸ್ಸು ಗಂಟೆಗೆ 60 ಕಿ.ಮೀ. ವೇಗದಲ್ಲಿದೆ ಎನ್ನಿ. ಕೈಯಲ್ಲಿರುವ ನಿಂಬೆಹಣ್ಣನ್ನು ಮೇಲೆ ಎಸೆಯಿರಿ. ಅದು ಹಿಂದಿನ ಸೀಟಿನವರ ಹಣೆಗೆ ಬಡಿಯುತ್ತದೆಯೇ? ಇಲ್ಲ, ನಿಮ್ಮ ಕೈಗೇ ಬೀಳುತ್ತದೆ. ಏಕೆಂದರೆ ಎಸೆಯುವ ಮೊದಲೇ ನಿಂಬೆಹಣ್ಣು ಬಸ್ಸಿನ ಜೊತೆ ಅದೇ ವೇಗದಲ್ಲಿ ಚಲಿಸುತ್ತಿತ್ತು. ಬಸ್ಸಿನೊಳಗಿನ ಗಾಳಿಯೂ ಹಾಗೆಯೇ. ಒಳಗೆ ಹಾರುವ ನೊಣ ಕೂಡ ಹಿಂದಿನ ಗಾಜಿಗೆ ಅಪ್ಪಳಿಸುವುದಿಲ್ಲ.

ಭೂಮಿ ದೊಡ್ಡ ಬಸ್ಸು ಇದ್ದ ಹಾಗೆ. ರನ್‌ವೇ ಮೇಲೆ ನಿಂತ ವಿಮಾನ ಆಗಲೇ ನೆಲದ ಜೊತೆ ತಿರುಗುತ್ತಿರುತ್ತದೆ. ವಾತಾವರಣದ ಗಾಳಿಯೂ ನೆಲದ ಜೊತೆಗೇ ತಿರುಗುತ್ತಿರುತ್ತದೆ. ಮೇಲಕ್ಕೆ ಏರಿದ ಮಾತ್ರಕ್ಕೆ ಆ ವೇಗ ಕಳಚಿ ಬೀಳುವುದಿಲ್ಲ. ಗಾಳಿ ಹೀಗೆ ಜೊತೆಗೆ ಬರದೆ ಇದ್ದಿದ್ದರೆ ದೇವನಹಳ್ಳಿಯಲ್ಲಿ ಸದಾ ಗಂಟೆಗೆ 1,600 ಕಿ.ಮೀ. ವೇಗದ ಬಿರುಗಾಳಿ ಬೀಸುತ್ತಿತ್ತು. ಒಂದು ದ್ರಾಕ್ಷಿ ಚಪ್ಪರವೂ ನಿಲ್ಲುತ್ತಿರಲಿಲ್ಲ, ಒಂದು ಮನೆಯ ಶೀಟೂ ಉಳಿಯುತ್ತಿರಲಿಲ್ಲ.

ಆದರೂ ವಾದಕ್ಕೆಂದು ಒಪ್ಪಿಕೊಳ್ಳೋಣ. ಮಾಯದ ವಿಮಾನವೊಂದು ದೇವನಹಳ್ಳಿಯ ಮೇಲೆ ಏರಿ, ಭೂಮಿಯ ತಿರುಗುವಿಕೆಯಿಂದ ಬಿಡಿಸಿಕೊಂಡು ಅಲ್ಲಾಡದೆ ನಿಂತಿತು ಎಂದುಕೊಳ್ಳಿ. ಆಗ ಏನು ಕಾಣುತ್ತದೆ?

ಭೂಮಿ ಪೂರ್ವಕ್ಕೆ ತಿರುಗುವುದರಿಂದ ಪಶ್ಚಿಮದ ಊರುಗಳು ಒಂದೊಂದಾಗಿ ಕೆಳಗೆ ಬರುತ್ತವೆ. ಗಂಟೆಗೆ 15 ಡಿಗ್ರಿ ಲೆಕ್ಕದಲ್ಲಿ 11 ನಿಮಿಷಕ್ಕೆಲ್ಲ ಮಂಗಳೂರಿನ ಆಸುಪಾಸು. ಆಮೇಲೆ ಅರಬ್ಬಿ ಸಮುದ್ರ, ಯೆಮನ್, ಆಫ್ರಿಕಾದ ಸುಡಾನ್, ಚಾಡ್, ನೈಜರ್, ಅಟ್ಲಾಂಟಿಕ್ ಸಾಗರ, ಬಾರ್ಬಡೋಸ್, ನಿಕರಾಗುವಾ. 13 ಗಂಟೆ 20 ನಿಮಿಷದ ಸುಮಾರಿಗೆ ಸ್ಯಾನ್ ಫ್ರಾನ್ಸಿಸ್ಕೊದ ರೇಖಾಂಶವೂ ಬರುತ್ತದೆ. ಕೆಳಗೆ ನೋಡಿದರೆ ಬರೀ ನೀರು! ಏಕೆಂದರೆ ನಾವು ನಿಂತಿರುವುದು 13ನೇ ಅಕ್ಷಾಂಶದಲ್ಲಿ, ಆ ಊರು ಇರುವುದು ಅಲ್ಲಿಂದ 2,700 ಕಿ.ಮೀ. ಉತ್ತರಕ್ಕೆ. ಭೂಮಿ ಎಷ್ಟು ದಿನ ತಿರುಗಿದರೂ ಸ್ಯಾನ್ ಫ್ರಾನ್ಸಿಸ್ಕೊ ದೇವನಹಳ್ಳಿಯ ನೆತ್ತಿಯ ಕೆಳಗೆ ಬರುವುದಿಲ್ಲ.

ಇನ್ನೂ ಒಂದು ತಮಾಷೆ ಇದೆ. ಈ ಲೆಕ್ಕದಲ್ಲಿ ನಮ್ಮ ಪಕ್ಕದ ಚೆನ್ನೈ ಪೂರ್ವಕ್ಕೆ ಇರುವುದರಿಂದ ಎಲ್ಲರಿಗಿಂತ ಕೊನೆಯಲ್ಲಿ, ಸುಮಾರು 23 ಮುಕ್ಕಾಲು ಗಂಟೆಯ ನಂತರ ಬರಬೇಕು. ಮಂಗಳೂರಿಗೆ 11 ನಿಮಿಷ, ಚೆನ್ನೈಗೆ ಒಂದು ದಿನ! ವಾಸ್ತವದಲ್ಲಿ ಎರಡು ಊರಿಗೂ ಬೆಂಗಳೂರಿನಿಂದ ವಿಮಾನಕ್ಕೆ ಹೆಚ್ಚುಕಡಿಮೆ ಒಂದು ಗಂಟೆ. ಫಾರ್ವರ್ಡ್ ಸುಳ್ಳು ಎನ್ನಲು ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಹೋಗುವಾಗ 16 ಗಂಟೆ, ಬರುವಾಗ 17–18 ಗಂಟೆ. ಯಾಕೆ?

ದೂರದ ಪ್ರಯಾಣದ ದೊಡ್ಡ ವಿಮಾನ ಎತ್ತರದಲ್ಲಿ ಗಂಟೆಗೆ ಸುಮಾರು 900 ಕಿ.ಮೀ. ವೇಗದಲ್ಲಿ ಹಾರುತ್ತದೆ. 14,000 ಕಿ.ಮೀ. ಅನ್ನು 900ರಿಂದ ಭಾಗಿಸಿದರೆ ಹದಿನೈದೂವರೆ ಗಂಟೆ. ರನ್‌ವೇವರೆಗೆ ಸಾಗುವುದು, ಏರುವುದು, ಇಳಿಯುವುದು, ಸ್ವಲ್ಪ ಸುತ್ತು, ಇವನ್ನೆಲ್ಲ ಸೇರಿಸಿದರೆ 16 ದಾಟುತ್ತದೆ.

ಆದರೆ ಈ 900 ಕಿ.ಮೀ. ಎನ್ನುವುದು ಸುತ್ತಲಿನ ಗಾಳಿಗೆ ಹೋಲಿಸಿದ ವೇಗ, ನೆಲಕ್ಕೆ ಹೋಲಿಸಿದ್ದಲ್ಲ. ಹರಿಯುವ ಹೊಳೆಯಲ್ಲಿ ತೆಪ್ಪ ನಡೆಸುವುದನ್ನು ನೆನೆಯಿರಿ. ಹುಟ್ಟು ಹಾಕುವ ಶಕ್ತಿ ಅಷ್ಟೇ ಇದ್ದರೂ ನೀರಿನ ಜೊತೆ ಹೋದರೆ ಬೇಗ, ಎದುರು ಹೋದರೆ ನಿಧಾನ. ಸುಮಾರು 9ರಿಂದ 12 ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಇಂಥದೇ ಗಾಳಿಯ ಹೊಳೆಗಳು ಹರಿಯುತ್ತವೆ. ಅವುಗಳಿಗೆ ಜೆಟ್ ಸ್ಟ್ರೀಮ್ ಎಂದು ಹೆಸರು. ಗಂಟೆಗೆ 150–200 ಕಿ.ಮೀ. ವೇಗ ಸಾಮಾನ್ಯ, ಚಳಿಗಾಲದಲ್ಲಿ 300 ದಾಟುವುದೂ ಉಂಟು. ಇವುಗಳನ್ನು ಮೊದಲು ಕ್ರಮವಾಗಿ ಅಳೆದವರಲ್ಲಿ ಒಬ್ಬರು ಜಪಾನಿನ ಹವಾಮಾನ ವಿಜ್ಞಾನಿ ವಸಾಬುರೊ ಓಇಶಿ. 1920ರ ದಶಕದಲ್ಲಿ ಬಲೂನು ಹಾರಿಸಿ ಅಳೆದು, ಜಗತ್ತಿಗೆಲ್ಲ ತಿಳಿಯಲಿ ಎಂದು ಎಸ್ಪೆರಾಂಟೊ ಭಾಷೆಯಲ್ಲಿ ವರದಿ ಬರೆದರು. ಆ ಭಾಷೆ ಓದಬಲ್ಲವರು ಕಡಿಮೆ ಇದ್ದುದರಿಂದ ಅವರ ಕೆಲಸ ಬಹುಕಾಲ ಹೊರಗಿನವರ ಗಮನಕ್ಕೆ ಬರಲಿಲ್ಲ.

ದೇವನಹಳ್ಳಿಯಿಂದ ಪೂರ್ವ ಸೈಬೀರಿಯಾ, ಪೆಸಿಫಿಕ್ ಕಡೆಯಿಂದ ಹೋಗುವಾಗ ಈ ಗಾಳಿ ಬೆನ್ನ ಹಿಂದೆ ಸಿಗುತ್ತದೆ. ಹಾಗಾಗಿ ಸಮಯ 16 ಗಂಟೆಯ ಆಸುಪಾಸು. ವಾಪಸ್ ಬರುವಾಗ ಅದೇ ಗಾಳಿ ಎದುರಾಗುತ್ತದೆ, ಅಥವಾ ಅದನ್ನು ತಪ್ಪಿಸಲು ಧ್ರುವದ ಕಡೆಗೋ ಬೇರೆ ಕಡೆಗೋ ಸುತ್ತಬೇಕಾಗುತ್ತದೆ. ಆಗ 17ರಿಂದ 18 ಗಂಟೆ. ದಿನದಿಂದ ದಿನಕ್ಕೆ ದಾರಿಯೂ ಸಮಯವೂ ಬದಲಾಗುವುದು ಇದರಿಂದಲೇ.

ಭೂಮಿಯ ತಿರುಗುವಿಕೆಗೆ ಇದರಲ್ಲಿ ಪಾತ್ರವೇ ಇಲ್ಲವೇ ಎಂದರೆ, ಇದೆ. ಸಮಭಾಜಕದ ಬಿಸಿ ಗಾಳಿ ಧ್ರುವದ ಕಡೆ ಹೊರಟಾಗ ಅದನ್ನು ಪೂರ್ವಕ್ಕೆ ತಿರುಗಿಸಿ ಜೆಟ್ ಸ್ಟ್ರೀಮ್ ಆಗುವಂತೆ ಮಾಡುವುದು ಭೂಮಿಯ ತಿರುಗುವಿಕೆಯೇ. ಆದರೆ ಅದು ಕೆಲಸ ಮಾಡುವುದು ಗಾಳಿಯ ಮೂಲಕ. ವಿಮಾನದ ಕೆಳಗಿನಿಂದ ನೆಲವನ್ನು ಎಳೆದುಕೊಂಡು ಹೋಗುವುದರಿಂದಲ್ಲ.

ಇದೇ ವಿಷಯಕ್ಕೆ ಸೇರಿದ ಇನ್ನೊಂದು ಫಾರ್ವರ್ಡ್: "ಪ್ರಯಾಣಿಕರ ವಿಮಾನ ಶಬ್ದದ ವೇಗ ಮೀರಿತು!" 2024ರ ಫೆಬ್ರುವರಿ 17ರಂದು ವಾಷಿಂಗ್ಟನ್‌ನಿಂದ ಲಂಡನ್‌ಗೆ ಹೊರಟ ವರ್ಜಿನ್ ಅಟ್ಲಾಂಟಿಕ್ ವಿಮಾನ ಜೆಟ್ ಸ್ಟ್ರೀಮ್ ಸಿಕ್ಕಿ ನೆಲಕ್ಕೆ ಹೋಲಿಸಿದರೆ ಗಂಟೆಗೆ ಸುಮಾರು 1,290 ಕಿ.ಮೀ. ವೇಗ ಮುಟ್ಟಿದ್ದು ನಿಜ. ಶಬ್ದದ ವೇಗ ಮೀರಿದ್ದು ಸುಳ್ಳು. ಸುತ್ತಲಿನ ಗಾಳಿಗೆ ಹೋಲಿಸಿದರೆ ಅದು ತನ್ನ ಎಂದಿನ ವೇಗದಲ್ಲೇ ಹಾರುತ್ತಿತ್ತು.

ಟಿಕೆಟ್‌ನಲ್ಲಿ ಎರಡೂವರೆ ಗಂಟೆ ಹೇಗೆ?

ದೊಡ್ಡಮ್ಮ ಎಡವಿದ್ದು ಇಲ್ಲಿ. ಟಿಕೆಟ್‌ನಲ್ಲಿ ಹೊರಡುವ ಸಮಯ ಹೊರಡುವ ಊರಿನ ಗಡಿಯಾರದ್ದು, ತಲುಪುವ ಸಮಯ ತಲುಪುವ ಊರಿನ ಗಡಿಯಾರದ್ದು. ಒಂದರಿಂದ ಇನ್ನೊಂದನ್ನು ಕಳೆದರೆ ಪ್ರಯಾಣದ ಅವಧಿ ಸಿಗುವುದಿಲ್ಲ.

ಚಳಿಗಾಲದಲ್ಲಿ ಕ್ಯಾಲಿಫೋರ್ನಿಯಾ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. ಮಾರ್ಚ್‌ನ ಎರಡನೇ ಭಾನುವಾರದಿಂದ ನವೆಂಬರ್‌ನ ಮೊದಲ ಭಾನುವಾರದವರೆಗೆ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ. ಆಗ ವ್ಯತ್ಯಾಸ ಹನ್ನೆರಡೂವರೆ ಗಂಟೆ.

ಚಳಿಗಾಲದ ಉದಾಹರಣೆ ತೆಗೆದುಕೊಳ್ಳಿ:

• ಹೋಗುವಾಗ: ಸೋಮವಾರ ಮಧ್ಯಾಹ್ನ 2 ಗಂಟೆಗೆ ಹೊರಟಿರಿ. 16 ಗಂಟೆ ಹಾರಾಟ. ನಮ್ಮ ಗಡಿಯಾರದಲ್ಲಿ ಮಂಗಳವಾರ ಬೆಳಿಗ್ಗೆ 6. ಅದರಲ್ಲಿ ಹದಿಮೂರೂವರೆ ಗಂಟೆ ಕಳೆಯಿರಿ. ಅಲ್ಲಿ ಸೋಮವಾರ ಸಂಜೆ 4:30.

• ಬರುವಾಗ: ಅಲ್ಲಿ ಸೋಮವಾರ ರಾತ್ರಿ 8:30ಕ್ಕೆ ಹೊರಟಿರಿ. ಆಗ ನಮ್ಮಲ್ಲಿ ಮಂಗಳವಾರ ಬೆಳಿಗ್ಗೆ 10. ಹದಿನೇಳೂವರೆ ಗಂಟೆ ಸೇರಿಸಿ. ಇಲ್ಲಿ ಬುಧವಾರ ಬೆಳಗಿನ ಜಾವ 3:30.

ಎರಡನೇ ಲೆಕ್ಕವನ್ನು ಕರೆತರಲು ಹೋಗುವವರು ಗಮನಿಸಬೇಕು. "ಸೋಮವಾರ ಹೊರಡ್ತೀನಿ" ಎಂದು ಮಗ ಹೇಳಿದರೆ ಅವನು ದೇವನಹಳ್ಳಿಯಲ್ಲಿ ಇಳಿಯುವುದು ಬುಧವಾರ. ಅದೂ ಬೆಳಗಿನ ಜಾವ, ಅಂದರೆ ಮನೆಯಿಂದ ನೀವು ಹೊರಡಬೇಕಾದದ್ದು ಮಂಗಳವಾರ ರಾತ್ರಿ. ಕಾರು ಗೊತ್ತುಮಾಡುವಾಗ ತಲುಪುವ ದಿನಾಂಕ ನೋಡಿ, ಹೊರಡುವ ದಿನಾಂಕವನ್ನಲ್ಲ.

ಪ್ರಯಾಣದ ಅವಧಿ ಎಷ್ಟೆಂದು ನೀವೇ ಅಂದಾಜಿಸಬೇಕೇ? ದೂರವನ್ನು 850ರಿಂದ ಭಾಗಿಸಿ ಅರ್ಧ ಗಂಟೆ ಸೇರಿಸಿ. ದೆಹಲಿಗೆ 1,700 ಕಿ.ಮೀ. ಎಂದರೆ ಎರಡೂವರೆ ಗಂಟೆ. ದುಬೈಗೆ 2,700 ಕಿ.ಮೀ. ಎಂದರೆ ಮೂರು ಮುಕ್ಕಾಲು ಗಂಟೆಯ ಹತ್ತಿರ. ಸ್ಯಾನ್ ಫ್ರಾನ್ಸಿಸ್ಕೊಗೆ 14,000 ಕಿ.ಮೀ. ಎಂದರೆ 17 ಗಂಟೆ. ಗಾಳಿ ಮತ್ತು ಸುತ್ತು ನೋಡಿಕೊಂಡು ಇದರಲ್ಲಿ ಸ್ವಲ್ಪ ಹೆಚ್ಚುಕಡಿಮೆ ಆಗುತ್ತದೆ. ಯಾವುದಾದರೂ ಫಾರ್ವರ್ಡ್ "ಅಮೆರಿಕಕ್ಕೆ ಬರೀ 6 ಗಂಟೆ" ಎಂದರೆ ಈ ಒಂದು ಭಾಗಾಕಾರದಿಂದಲೇ ಅದರ ಬಣ್ಣ ಬಯಲಾಗುತ್ತದೆ.

ದಾರದ ಗೆರೆ ಬೇರೆ, ನಿಜವಾದ ದಾರಿ ಬೇರೆ

ಚಕ್ಕೋತದ ಮೇಲೆ ಎಳೆದ ದಾರದ ಮೇಲೆಯೇ ವಿಮಾನ ಹಾರುವುದಿಲ್ಲ. ಅದಕ್ಕೆ ಕಾರಣಗಳಿವೆ.

ಒಂದು, ಟಿಬೆಟ್. ವಿಮಾನದೊಳಗಿನ ಗಾಳಿಯ ಒತ್ತಡ ಕುಸಿದರೆ ಪೈಲಟ್‌ಗಳು ಬೇಗನೆ ಸುಮಾರು 3,000 ಮೀಟರ್ ಎತ್ತರಕ್ಕೆ ಇಳಿಸಬೇಕು. ಟಿಬೆಟ್‌ನಲ್ಲಿ ನೆಲವೇ ಅದಕ್ಕಿಂತ ಎತ್ತರ. ಹಾಗಾಗಿ ಸಾಧ್ಯವಾದಷ್ಟು ಆ ಭಾಗವನ್ನು ಬಿಟ್ಟು ಹೋಗುತ್ತಾರೆ.

ಎರಡು, ದೇಶಗಳ ವಾಯುಪ್ರದೇಶ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ ಅಮೆರಿಕ ಮತ್ತು ಯುರೋಪಿನ ವಿಮಾನಗಳಿಗೆ ರಷ್ಯಾದ ಆಕಾಶ ಮುಚ್ಚಿತು. 2025ರ ಏಪ್ರಿಲ್ 24ರಿಂದ ಪಾಕಿಸ್ತಾನ ತನ್ನ ಆಕಾಶವನ್ನು ಭಾರತದ ವಿಮಾನಗಳಿಗೆ ಮುಚ್ಚಿದಾಗ ಉತ್ತರ ಭಾರತದಿಂದ ಪಶ್ಚಿಮಕ್ಕೆ ಹೋಗುವ ಅನೇಕ ವಿಮಾನಗಳು ಸುತ್ತಿ ಹೋಗಬೇಕಾಯಿತು. ಭೂಗೋಳದಲ್ಲಿ ದೂರ ಬದಲಾಗಲಿಲ್ಲ, ಪ್ರಯಾಣದ ಸಮಯ ಬದಲಾಯಿತು. ಹಾಗಾಗಿ ಹಳೆಯ ಪೋಸ್ಟ್ ನೋಡಿ ಇಂದಿನ ಸಮಯ ಲೆಕ್ಕ ಹಾಕಬೇಡಿ. ಯಾವ ವಿಮಾನ ಇದೆ, ಎಲ್ಲಾದರೂ ಇಳಿದು ಹೋಗುತ್ತದೆಯೇ ಎಂಬುದನ್ನು ಟಿಕೆಟ್ ತೆಗೆಯುವ ದಿನ ವಿಮಾನ ಕಂಪನಿಯ ವೇಳಾಪಟ್ಟಿಯಲ್ಲೇ ನೋಡಿ.

ಮೂರು, ತುರ್ತು ನಿಲ್ದಾಣ. ಎರಡು ಎಂಜಿನ್‌ನ ವಿಮಾನಗಳು ಒಂದು ಎಂಜಿನ್ ನಿಂತರೂ ನಿಗದಿತ ಸಮಯದೊಳಗೆ ಯಾವುದಾದರೂ ನಿಲ್ದಾಣ ತಲುಪುವಂಥ ದಾರಿಯಲ್ಲೇ ಹೋಗಬೇಕು. 2023ರ ಜೂನ್ 6ರಂದು ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟ ಏರ್ ಇಂಡಿಯಾ ವಿಮಾನದ ಒಂದು ಎಂಜಿನ್‌ನಲ್ಲಿ ತೊಂದರೆ ಕಂಡಾಗ ಅದು ರಷ್ಯಾದ ಮಗದಾನ್‌ನಲ್ಲಿ ಸುರಕ್ಷಿತವಾಗಿ ಇಳಿಯಿತು. 216 ಪ್ರಯಾಣಿಕರನ್ನು ಬದಲಿ ವಿಮಾನದಲ್ಲಿ ಮುಂದೆ ಕಳಿಸಲಾಯಿತು. ಕಷ್ಟದ ಹೊತ್ತಿಗೆ ಇಳಿಯಲು ಒಂದು ಜಾಗ ಇದ್ದೇ ಇರಬೇಕು ಎಂಬ ನಿಯಮ ಇರುವುದು ಇಂಥ ದಿನಕ್ಕಾಗಿ.

ನಾಲ್ಕು, ತೂಕ. ಈ ದಾರಿಯ ಮೊದಲ ವಿಮಾನ ಬೋಯಿಂಗ್ 777-200ಎಲ್‌ಆರ್ ಮಾದರಿಯದು. ಅದರ ಟ್ಯಾಂಕ್‌ಗಳಲ್ಲಿ 1,80,000 ಲೀಟರ್‌ಗೂ ಹೆಚ್ಚು ಇಂಧನ ಹಿಡಿಯುತ್ತದೆ, ಪೂರ್ತಿ ತುಂಬಿ ಏರುವಾಗ ಗರಿಷ್ಠ ತೂಕ ಸುಮಾರು 347 ಟನ್. ದೇವನಹಳ್ಳಿಯ ನಿಲ್ದಾಣ ಸಮುದ್ರಮಟ್ಟದಿಂದ 900 ಮೀಟರ್‌ಗೂ ಮೇಲಿದೆ. ಅಲ್ಲಿ ಗಾಳಿ ಸ್ವಲ್ಪ ತೆಳು, ಬಿಸಿಲಿದ್ದರೆ ಇನ್ನೂ ತೆಳು. ಭಾರದ ವಿಮಾನ ಏರಲು ಹೆಚ್ಚು ಓಡಬೇಕು. 4,000 ಮೀಟರ್ ಉದ್ದದ ರನ್‌ವೇ ಬೇಕಾಗುವುದು ಇದಕ್ಕೇ.

ಫೋನಿನ ನಕ್ಷೆಯಲ್ಲಿ ವಿಮಾನ ಮಾಯವಾದರೆ?

ಮಕ್ಕಳ ವಿಮಾನವನ್ನು ಫೋನಿನಲ್ಲಿ ನೋಡುತ್ತಾ ಕೂರುವ ಅಪ್ಪ ಅಮ್ಮಂದಿರಿಗೆ ಒಂದು ಮಾತು. ಆ ಆ್ಯಪ್‌ಗಳು ವಿಮಾನ ಕಳಿಸುವ ಸಂಕೇತವನ್ನು ಹೆಚ್ಚಾಗಿ ನೆಲದ ಮೇಲಿನ ಗ್ರಾಹಕ ಯಂತ್ರಗಳಿಂದ ಪಡೆಯುತ್ತವೆ. ಸೈಬೀರಿಯಾದ ಕಾಡು, ಆರ್ಕ್‌ಟಿಕ್, ಸಾಗರದ ನಡುವೆ ಅಂಥ ಯಂತ್ರಗಳು ಇಲ್ಲ ಅಥವಾ ವಿರಳ. ಅಲ್ಲಿ ವಿಮಾನದ ಚಿತ್ರ ನಿಂತಂತೆ ಕಾಣಬಹುದು, ಜಿಗಿಯಬಹುದು, ಮಾಯವೂ ಆಗಬಹುದು. ಪೈಲಟ್‌ಗಳು ಉಪಗ್ರಹ ಮತ್ತು ದೂರಗಾಮಿ ರೇಡಿಯೊ ಮೂಲಕ ಸಂಪರ್ಕದಲ್ಲೇ ಇರುತ್ತಾರೆ. ಸ್ಕ್ರೀನ್‌ಶಾಟ್ ತೆಗೆದು "ವಿಮಾನ ನಾಪತ್ತೆ" ಎಂದು ಗುಂಪಿಗೆ ಹಾಕುವ ಮೊದಲು ಕಂಪನಿಯ ವೆಬ್‌ಸೈಟ್ ನೋಡಿ. ಅದೇ ವಿಮಾನದಲ್ಲಿ ಇರುವವರ ಮನೆಯವರೂ ಆ ಗುಂಪಿನಲ್ಲಿ ಇರಬಹುದು.

16 ಗಂಟೆ ಕೂತವರ ಮೈ

ಇನ್ನು ನಿಜವಾಗಿ ಕಾಳಜಿ ಮಾಡಬೇಕಾದ ಸಂಗತಿ. ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಕೂತು ಪ್ರಯಾಣ ಮಾಡಿದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳಿತು. ಬಸ್ಸು, ರೈಲಿಗೂ ಇದು ಅನ್ವಯ. ಹೆದರಬೇಕಿಲ್ಲ, ಆರೋಗ್ಯವಂತರಲ್ಲಿ ಇದು ಸುಮಾರು 6,000 ಮಂದಿಯಲ್ಲಿ ಒಬ್ಬರಿಗೆ ಆಗಬಹುದಾದದ್ದು. ಆದರೆ ಹಿಂದೆ ಹೀಗೆ ಆಗಿದ್ದವರು, ಇತ್ತೀಚೆಗೆ ಶಸ್ತ್ರಚಿಕಿತ್ಸೆ ಆದವರು, ಗರ್ಭಿಣಿಯರು, ತೂಕ ಬಹಳ ಹೆಚ್ಚಿರುವವರು ಮೊದಲೇ ವೈದ್ಯರನ್ನು ಕೇಳಬೇಕು.

• ಎಚ್ಚರವಿದ್ದಾಗ ಒಂದೆರಡು ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಓಡಾಡಿ. ಕೂತಲ್ಲೇ ಪಾದವನ್ನು ಮೇಲೆ ಕೆಳಗೆ ಆಡಿಸಿ.
• "ಹೊರಡುವ ಮುನ್ನ ಆಸ್ಪಿರಿನ್ ನುಂಗಿ" ಎಂಬ ಫಾರ್ವರ್ಡ್ ನಂಬಿ ಮಾತ್ರೆ ತೆಗೆದುಕೊಳ್ಳಬೇಡಿ. ಅದನ್ನು ನಿಮ್ಮ ವೈದ್ಯರು ಹೇಳಬೇಕು.
• ವಿಮಾನದೊಳಗಿನ ಗಾಳಿಯ ಒತ್ತಡ ಸುಮಾರು 1,800ರಿಂದ 2,400 ಮೀಟರ್ ಎತ್ತರದ ಬೆಟ್ಟದ ಮೇಲಿದ್ದಂತೆ ಇರುತ್ತದೆ. ಅಂದರೆ ಮುಳ್ಳಯ್ಯನಗಿರಿ ಅಥವಾ ಊಟಿಯಲ್ಲಿ ಕೂತಂತೆ. ಹೃದಯ, ಶ್ವಾಸಕೋಶದ ತೊಂದರೆ ಇದ್ದವರು ಇದನ್ನೂ ವೈದ್ಯರಿಗೆ ಹೇಳಿ.
• ಮಾತ್ರೆ, ಇನ್ಸುಲಿನ್, ವೈದ್ಯರ ಚೀಟಿ ಕೈಚೀಲದಲ್ಲೇ ಇರಲಿ. ಇನ್ಸುಲಿನ್ ತೆಗೆದುಕೊಳ್ಳುವವರು ಯಾವ ಹೊತ್ತಿಗೆ ಎಷ್ಟು ಎಂದು ಮೊದಲೇ ಬರೆಸಿಕೊಳ್ಳಿ.
• ದಾರಿಯುದ್ದಕ್ಕೂ ಮಾತ್ರೆಗೆ ಗಂಟೆ ಎಣಿಸಿ, ವಾರ ಎಣಿಸಬೇಡಿ. ಅಲ್ಲಿ ತಲುಪಿದ ಮೇಲೆ ಆ ಊರಿನ ಹೊತ್ತಿಗೆ ಹೇಗೆ ಹೊಂದಿಸಿಕೊಳ್ಳಬೇಕೆಂದು ವೈದ್ಯರನ್ನು ಹೊರಡುವ ಮುಂಚೆಯೇ ಕೇಳಿ.

ಒಟ್ಟಿನಲ್ಲಿ

ದೇವನಹಳ್ಳಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಅತಿ ಹತ್ತಿರದ ದೂರ ಸುಮಾರು 14,000 ಕಿ.ಮೀ. ಎಲ್ಲೂ ಇಳಿಯದ ವಿಮಾನಕ್ಕೆ ಹೋಗುವಾಗ 16 ಗಂಟೆಯ ಆಸುಪಾಸು, ಬರುವಾಗ 17ರಿಂದ 18 ಗಂಟೆ. ಮೇಲೆ ಹೋಗಿ ನಿಂತರೆ ಅಮೆರಿಕ ಕೆಳಗೆ ಬರುತ್ತದೆ ಎಂಬುದು ಸುಳ್ಳು. ಟಿಕೆಟ್‌ನ ಎರಡೂವರೆ ಗಂಟೆ ಎರಡು ಗಡಿಯಾರಗಳ ವ್ಯತ್ಯಾಸ ಮಾತ್ರ.

ದೊಡ್ಡಮ್ಮ ಸೂಟ್‌ಕೇಸ್ ಬಿಚ್ಚಿ ಮಾತ್ರೆಗಳನ್ನು ಕೈಚೀಲಕ್ಕೆ ಹಾಕಿಕೊಂಡರು. ಕೈಗಡಿಯಾರವನ್ನು ದಾರಿಯಲ್ಲಿ ಬದಲಾಯಿಸದೆ ನಮ್ಮ ಊರಿನ ಸಮಯಕ್ಕೇ ಇಟ್ಟುಕೊಂಡು, ಎಂದಿನ ಹಾಗೆ ರಾತ್ರಿ 9ಕ್ಕೆ ಮತ್ತು ಬೆಳಿಗ್ಗೆ ಇಳಿದ ಮೇಲೆ ಮಾತ್ರೆ ತೆಗೆದುಕೊಂಡರು. ಆ ಫಾರ್ವರ್ಡ್ ಕಳಿಸಿದ ಸಂಬಂಧಿಕರಿಗೆ ಅವರು ಉತ್ತರ ಕೊಟ್ಟದ್ದು ಅಲ್ಲಿ ತಲುಪಿದ ಮೇಲೆ: "ನಿಂತ್ರೆ ಬರಲ್ಲ ಕಣಪ್ಪ, ಹದಿನಾರು ಗಂಟೆ ಕೂತ್ಕೊಂಡೇ ಬರ್ಬೇಕು."

ನಿಮ್ಮ ಗುಂಪಿಗೂ ಅಂಥ ಸಂದೇಶ ಬಂದರೆ ಮುಂದೆ ತಳ್ಳುವ ಮೊದಲು ಒಮ್ಮೆ ದೂರವನ್ನು 850ರಿಂದ ಭಾಗಿಸಿ ನೋಡಿ. ಮನೆಯಿಂದ ಯಾರಾದರೂ ಹಿರಿಯರು ವಿಮಾನ ಹತ್ತುವವರಿದ್ದರೆ ಅವರ ಮಾತ್ರೆ ಯಾವ ಚೀಲದಲ್ಲಿದೆ ಎಂದು ಇವತ್ತೇ ಕೇಳಿ.